ಸಕ್ಕರೆಯ ಗಾಜಿನಲ್ಲಿ ನಿಂತ ಆನೆಹಿಂಡು

ಬಿಟ್ಟಂಗಾಲ
೨೦ ಜನವರಿ ೧೯೫೮

ಚಿ. ಯಮುನಳಿಗೆ ಮಾವ ಪೊನ್ನಪ್ಪನ ಆಶೀರ್ವಾದ.

ಈ ಕಥೆಯನ್ನು ಮೊದಲು ಹೇಳಿದವಳು ನೀನು. ಹೋದ ಹುತ್ತರಿಗೆ ಕಲ್ಕತ್ತೆಯಿಂದ ಬಂದಿದ್ದಾಗ, ಕದಿರು ಮನೆಗೆ ತಂದ ಮರುದಿನ ಸಂಜೆ, ನಮ್ಮ ಜಗಲಿಯ ಮೇಲೆ ಕೂತು ಹೇಳಿದೆ. ನಾನು ಮರುಹೇಳುವವನು ಮಾತ್ರ. ಆದರೆ ಮರುಹೇಳುವವನ ಪಾಡು ನಿನಗೆ ಗೊತ್ತಿಲ್ಲ. ನೀನು ರೈಲು ಹತ್ತಿ ಹೋದೆ, ಪ್ರಶ್ನೆಗಳೆಲ್ಲ ಇಲ್ಲೇ ಉಳಿದವು.

ನಿನ್ನೆ ಎಸ್ಟೇಟಿನಲ್ಲಿ ಆ ದಿನದ ಕಾಫಿ ಪಿಕಿಂಗ್ ಮುಗಿದು, ರೈಟರ್ ಕೆಲಸದ ಹಾಜರಿ ಬರೆದು ಮನೆಗೆ ಬಂದರೆ ಜಗಲಿಯಲ್ಲಿ ಆಗಲೇ ಜನ. ಮಿಲಿಟರಿಯಿಂದ ಬಂದು ಪಕ್ಕದ ತೋಟ ನೋಡಿಕೊಂಡಿರುವ ದೇರಪ್ಪ, ಕೂಲಿಗಳ ಲೈನಿನ ಮಾದಿ, ಬಾಗಿಲಿಗೆ ಒರಗಿ ನಿನ್ನ ಅತ್ತೆ. "ರೈಟರೇ, ಆ ಆನೆ ಕಥೆ ಆಗಲಿ" ಎಂದ ದೇರಪ್ಪ.

ನೀನು ಹೇಳಿದ ಹಾಗೆಯೇ ಹೇಳಿದೆ. ಒಂದು ಜಾತಿಯ ದಾರ ಉಂಟು, ಮನುಷ್ಯರೇ ಮಾಡಿದ್ದು, ಪಾಲಿಮರ್ ಎಂದು ಹೆಸರು, ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಒಂದು ತುದಿಗೆ ನೀರೆಂದರೆ ಪ್ರಾಣ, ಇನ್ನೊಂದಕ್ಕೆ ನೀರೆಂದರೆ ಆಗದು. ನೀರಿಗೆ ಬಿಟ್ಟರೆ ಯಾರೂ ಹೇಳದೆ ಅವು ತಾವಾಗಿಯೇ ಗುಂಪು ಕಟ್ಟುತ್ತವೆ. ನೀರಿಗೆ ಹೆದರುವ ತುದಿಗಳೆಲ್ಲ ನಡುವೆ, ಹೆದರದವು ಸುತ್ತ. ಹುಲಿಯ ವಾಸನೆ ಬಡಿದಾಗ ಆನೆಗಳು ಮರಿಗಳನ್ನು ಒಳಗೆ ಬಿಟ್ಟು ಹೊರಮುಖವಾಗಿ ನಿಲ್ಲುತ್ತವಲ್ಲ, ಹಾಗೆ.

ಆಗ ಮಾದಿ ಬಾಯಿ ಬಿಟ್ಟಳು. "ಕಣ್ಣಿಗೆ ಕಾಣದಿದ್ದರೆ, ಹಾಗೆ ನಿಂತದ್ದನ್ನು ಕಂಡವರು ಯಾರು ಅಯ್ಯಾ?"

"ನಮ್ಮ ಯಮುನ" ಎನ್ನಲು ಹೊರಟೆ. ಕಂಡೆ ಎಂದು ನೀನು ಹೇಳಿರಲಿಲ್ಲ ಎಂಬುದು ನೆನಪಾಗಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೆ. ದೇರಪ್ಪ ಬಿಡುತ್ತಾನೆಯೇ? "ಎಂಥದು ಮಾರಾಯ್ರೆ, ಬಾಲ ಇಲ್ಲದ ಆನೆಯನ್ನು ಕೊಟ್ಟು ಮನೆಗೆ ಕಳಿಸ್ತೀರಲ್ಲ" ಎಂದು ಎದ್ದ.

ಆದ್ದರಿಂದ ಬಾಲವನ್ನು ಬೇಗ ಕಳಿಸು. ಕೊಟ್ಟ ಜೇನನ್ನು ದಿನವೂ ಒಂದು ಚಮಚ ತಿನ್ನು.

ನಿನ್ನ ಮಾವ,
ಪೊನ್ನಪ್ಪ


ಕಲ್ಕತ್ತ
೨ ಫೆಬ್ರವರಿ ೧೯೫೮

ಪ್ರೀತಿಯ ಮಾವನಿಗೆ ಯಮುನಳ ನಮಸ್ಕಾರಗಳು.

ಮಾದಿ ಕೇಳಿದ್ದನ್ನೇ ನಮ್ಮ ಲಾಹಿರಿ ಸರ್ ದಿನವೂ ಕೇಳುತ್ತಾರೆ. ಅವಳಿಗೆ ಹೇಳಿ, ಈ ಪ್ರಯೋಗಶಾಲೆಯಲ್ಲಿ ಅವಳಿಗೊಂದು ಕುರ್ಚಿ ಉಂಟು.

ಕಷ್ಟ ಏನೆಂದರೆ, ಅಷ್ಟು ಸಣ್ಣದನ್ನು ತೋರಿಸುವ ದೊಡ್ಡ ಯಂತ್ರದ ಹೊಟ್ಟೆಯಲ್ಲಿ ಗಾಳಿಯೇ ಇಲ್ಲ. ಒಂದು ಹನಿ ನೀರು ಇಟ್ಟರೆ ಆ ಕ್ಷಣವೇ ಆರಿಹೋಗುತ್ತದೆ. ನೀರು ಹೋದ ಮೇಲೆ ಆನೆಗಳಿಗೆ ಗುಂಪು ಯಾಕೆ ಬೇಕು? ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ. ಅದರ ಚಿತ್ರ ನೋಡಿ ಸರ್, "ಇದು ಹಿಂಡಲ್ಲ ಯಮುನ, ಖಿಚುಡಿ" ಎಂದರು.

ಹಾಗಾಗಿ ನೀರಿನಲ್ಲಿ ಅವು ನಿಂತಿರುವಾಗಲೇ ಸುತ್ತಲಿನದನ್ನು ಗಟ್ಟಿ ಮಾಡಿಬಿಡಬೇಕು. ಮಂಜುಗಡ್ಡೆ ಮಾಡಿ ನೋಡಿದೆ, ಸೂಜಿಸೂಜಿಯಾಗಿ ಬೆಳೆದು ಹಿಂಡನ್ನೇ ಚುಚ್ಚಿತು. ಈಗ ಸಕ್ಕರೆ ಪಾಕ ಹಿಡಿದಿದ್ದೇನೆ. ಪಾಕ ನಿಧಾನವಾಗಿ ಒಣಗಿ ಗಾಜಿನಂತೆ ನಿಂತರೆ ಗೆದ್ದೆ. ಆದರೆ ಅದು ಪ್ರತಿ ಸಲವೂ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ತನ್ನ ಸಾಲಿಗೆ ಸೇರದ್ದನ್ನೆಲ್ಲ ಆಚೆ ದಬ್ಬುತ್ತದೆ. ಮತ್ತೆ ಖಿಚುಡಿ.

ದುರ್ಗಾಪೂಜೆಯ ರಜೆಗೆ ಮೊದಲು ಒಂದೇ ಒಂದು ಒಳ್ಳೆಯ ಚಿತ್ರ ತೋರಿಸಿದರೆ ಇಲ್ಲಿ ನನ್ನ ಜಾಗ ಉಳಿಯುತ್ತದೆ. ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ, ನಾನು ಬಂದು ನಿಮ್ಮ ಎಸ್ಟೇಟಿನ ಹಾಜರಿ ಬರೆಯುತ್ತೇನೆ. ಇದನ್ನು ಅಮ್ಮನಿಗೆ ಹೇಳಬೇಡಿ.

ನಿಮ್ಮ ಯಮುನ

ಹೇಳಲು ಮರೆತೆ. ನೀವು ಕೊಟ್ಟ ಜೇನು ಇಲ್ಲಿಯ ಚಳಿಗೆ ಪೂರ್ತಿ ಹರಳುಗಟ್ಟಿದೆ, ಚಮಚ ನೆಟ್ಟರೆ ನಿಲ್ಲುತ್ತದೆ. ನೋಡಲು ಸಕ್ಕರೆಯ ಹಾಗೆಯೇ ಉಂಟು. ಯಾಕೆ ಮಾವ?


ಬಿಟ್ಟಂಗಾಲ
೧೪ ಫೆಬ್ರವರಿ ೧೯೫೮

ಕುಮಾರಿ ಯಮುನಳಿಗೆ,

ಕಾಗದ ತಲುಪಿತು. ಜೇನಿನ ವಿಷಯ ತಿಳಿಯಿತು. ನಾವೆಲ್ಲ ಕ್ಷೇಮ.

ಪೊನ್ನಪ್ಪ


ಕಲ್ಕತ್ತ
೧೦ ಮಾರ್ಚ್ ೧೯೫೮

ಪ್ರೀತಿಯ ಮಾವನಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಸ್ಸಿನ ಟಿಕೇಟಿನಷ್ಟಿತ್ತು. ಪಿಕಿಂಗ್ ಮುಗಿಯಲಿಲ್ಲವೇ? ಕಾಫಿಯ ಹೂಮಳೆ ಬಂತೇ? ಜಗಲಿಯ ಸುದ್ದಿ ಒಂದೂ ಇರಲಿಲ್ಲ. ದೇರಪ್ಪಣ್ಣನ ಜೊತೆ ಜಗಳವಾಯಿತೋ ಏನೋ ಎಂದುಕೊಂಡೆ.

ಇಲ್ಲಿ ಪಾಕವನ್ನು ಬೇಗ ಒಣಗಿಸಿ ನೋಡಿದೆ, ತಡವಾಗಿ ಒಣಗಿಸಿ ನೋಡಿದೆ, ಉಸಿರು ತಾಕದಂತೆ ಮುಚ್ಚಿಟ್ಟು ನೋಡಿದೆ. ಒಂದು ಮೂಲೆಯಲ್ಲಿ ಬಿಳಿ ಚುಕ್ಕೆ ಕಾಣಿಸಿದರೆ ಮುಗಿಯಿತು, ಕಾಡ್ಗಿಚ್ಚಿನ ಹಾಗೆ ಹರಡಿಬಿಡುತ್ತದೆ.

ನಿಮ್ಮ ಜೇನು ಮಾತ್ರ ಹಾಸ್ಟೆಲಿನಲ್ಲಿ ಜಯಭೇರಿ ಬಾರಿಸಿದೆ. ಗಟ್ಟಿಯಾಗಿರುವುದರಿಂದ ಹುಡುಗಿಯರು ಬ್ರೆಡ್ಡಿಗೆ ಬೆಣ್ಣೆಯ ಹಾಗೆ ಹಚ್ಚಿ ತಿನ್ನುತ್ತಾರೆ. "ನಿನ್ನ ಮಾವ ಎಷ್ಟು ಒಳ್ಳೆಯವರು, ಜೇನು ಸಕ್ಕರೆ ಎರಡನ್ನೂ ಒಂದೇ ಬಾಟಲಿಯಲ್ಲಿ ಕಳಿಸಿದ್ದಾರೆ" ಎಂದು ನಗುತ್ತಾರೆ.

ದೊಡ್ಡ ಕಾಗದ ಬರೆಯಿರಿ.

ಯಮುನ


ಬಿಟ್ಟಂಗಾಲ
೬ ಏಪ್ರಿಲ್ ೧೯೫೮

ಕುಮಾರಿ ಯಮುನಳಿಗೆ,

ದೊಡ್ಡ ಕಾಗದ ಕೇಳಿದ್ದೀ, ತಕ್ಕೋ.

ನಾನು ಜೇನು ಪೆಟ್ಟಿಗೆ ಇಟ್ಟದ್ದು ನೀನು ಲಂಗ ತೊಡುವ ಮೊದಲು. ನನ್ನ ತಂದೆ ಭಾಗಮಂಡಲದ ಕಾಡಿನಲ್ಲಿ ಪೊಟರೆ ಜೇನು ತೆಗೆದವರು. ನಮ್ಮ ಮನೆಯಲ್ಲಿ ಜೇನಿಗೆ ಸಕ್ಕರೆ ಬೆರೆಸುವುದೂ ಹಾಲಿಗೆ ಹೊಳೆನೀರು ಬೆರೆಸುವುದೂ ಒಂದೇ. ನೀನು ಓದಿದವಳು, ಕಲ್ಕತ್ತೆಯವರು ನಗುವವರು. ನಗಲಿ.

ಈ ಕಾಗದದ ಜೊತೆ ಒಂದು ಪಾರ್ಸಲ್ ಉಂಟು. ಅದರೊಳಗೆ ಪುಟ್ಟ ಬಾಟಲಿ, ಮುಜಂಟಿ ಜೇನು. ನಮ್ಮ ದೇವರ ಕೋಣೆಯ ಗೋಡೆಯ ತೂತಿನಲ್ಲಿ ಗೂಡು ಕಟ್ಟಿರುವ, ಸೊಳ್ಳೆಯಷ್ಟೇ ಇರುವ, ಕಚ್ಚದ ನೊಣ, ಮರೆತಿಲ್ಲವಲ್ಲ? ಕೊಡಗು ಮೈಸೂರಿಗೆ ಸೇರುವ ಮೊದಲೇ ತೆಗೆದಿಟ್ಟದ್ದು. ಎಷ್ಟು ಮಳೆ, ಎಷ್ಟು ಚಳಿ ಕಂಡಿದೆ. ದೀಪದ ಎದುರು ಹಿಡಿದು ನೋಡು, ಒಂದು ಹರಳು ಕಂಡರೆ ನನ್ನ ಹೆಸರು ಬದಲಿಸು. ಯಾಕೆಂದರೆ ಆ ಗೂಡಿನ ಬಾಗಿಲು ಪೂರ್ವಕ್ಕೆ ಉಂಟು, ಒಳಗೆ ದೇವರ ದೀಪದ ಕಾವು ಉಂಟು. ಸತ್ಯವಾದ ಜೇನು ಸತ್ಯವಾಗಿಯೇ ಇರುತ್ತದೆ.

ಪೊನ್ನಪ್ಪ

ಯಮುನಾ, ಇದು ನಿನ್ನ ಅತ್ತೆ ಪ್ರೇಮಾವತಿ. ಮಾವ ಅಂಟು ತರಲು ಹೋದಾಗ ಅಂಚಿನಲ್ಲಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬರುವ ಹಿಂದಿನ ದಿನವಷ್ಟೇ ಗೋಣಿಕೊಪ್ಪಲಿನ ಮಂಡಿಯಲ್ಲಿ ಸಾಹುಕಾರ ಚನ್ನಮಲ್ಲಪ್ಪನವರು ಇವರ ಜೇನಿನ ಟಿನ್ನುಗಳ ಮುಚ್ಚಳ ತೆಗೆದು, ಹರಳುಗಟ್ಟಿದ್ದನ್ನು ಕಂಡು, ಎಲ್ಲರೆದುರು "ಇದಕ್ಕೆ ಸಕ್ಕರೆ ಬಿದ್ದಿದೆ" ಎಂದು ಬದಿಗಿಟ್ಟರು. ಮರುದಿನ ನಿನ್ನ "ಸಕ್ಕರೆಯ ಹಾಗೆಯೇ ಉಂಟು" ಬಂತು. ಮೇಲೆ ಆ ಬ್ರೆಡ್ಡಿನ ಸುದ್ದಿ ಬೇರೆ! ಮಳೆಗಾಲದಲ್ಲಿ ಹೂವಿಲ್ಲದಾಗ ನೊಣಗಳಿಗೆ ನಾವು ಸಕ್ಕರೆ ಪಾಕ ಇಡುತ್ತೇವಲ್ಲ, ಅದೇ ಹೀಗೆ ಹೊರಗೆ ಬಂತೋ ಎಂದು ಇವರು ಒಳಗೊಳಗೇ ಹೆದರಿದ್ದಾರೆ. ಜಗಲಿಯಲ್ಲಿ ಕಥೆ ನಿಂತುಹೋಗಿದೆ. ನಿನಗೆ ಗೊತ್ತಿರುವುದೇನಾದರೂ ಇದ್ದರೆ ಬೇಗ ಬರೆ ಮಗಾ.


ಕಲ್ಕತ್ತ
೨೫ ಏಪ್ರಿಲ್ ೧೯೫೮

ನನ್ನ ಮಾವನಿಗೆ ಸಾಷ್ಟಾಂಗ ನಮಸ್ಕಾರ.

ಈ ಕಾಗದವನ್ನು ಮಂಡಿಯಲ್ಲಿ ನಿಂತು ಗಟ್ಟಿಯಾಗಿ ಓದಿ. ಒಳ್ಳೆಯ ಜೇನು ಹರಳುಗಟ್ಟುತ್ತದೆ! ಪುಸ್ತಕಗಳನ್ನು ಹುಡುಕಿದೆ, ಇಲ್ಲಿಯ ಸರ್‌ಗಳನ್ನೂ ಕೇಳಿದೆ. ಹೂವಿನ ರಸದಲ್ಲಿಯೇ ಎರಡು ಜಾತಿಯ ಸಕ್ಕರೆ ಉಂಟು. ಅದರಲ್ಲಿ ಒಂದು ಜಾತಿ ಹೆಚ್ಚಾಗಿರುವ ಹೂವಿನ ಜೇನು ಚಳಿಗೆ ತಾನಾಗಿಯೇ ಗಟ್ಟಿಯಾಗುತ್ತದೆ. ನಿಮ್ಮ ಪೆಟ್ಟಿಗೆಗಳ ಸುತ್ತ ಕಾಫಿ ಹೂವೇ ತಾನೇ? ಮಳೆಗಾಲದ ಪಾಕವನ್ನು ನೊಣಗಳು ಮಳೆಗಾಲದಲ್ಲೇ ತಿಂದು ಮುಗಿಸಿರುತ್ತವೆ. ನೀವು ತೆಗೆಯುವುದು ಹೂಮಳೆಯ ನಂತರ, ನೊಣಗಳು ಹೊಸದಾಗಿ ಕಟ್ಟಿದ ಎರಿಯಿಂದ.

ಚನ್ನಮಲ್ಲಪ್ಪನವರು ನಂಬದಿದ್ದರೆ ಒಂದು ಕೆಲಸ ಮಾಡಿ. ಅವರನ್ನೇ ಪೆಟ್ಟಿಗೆಯ ಹತ್ತಿರ ಕರೆದು, ಅವರ ಕಣ್ಣೆದುರೇ ಜೇನು ತೆಗೆದು, ಅವರ ಕೈಯಿಂದಲೇ ಅರಗಿನ ಸೀಲು ಹಾಕಿಸಿ, ಅವರ ಬೀರುವಿನಲ್ಲೇ ಇಡಿಸಿ.

ಇನ್ನು ನನ್ನ ಸಂಗತಿ. ನಿಮ್ಮ ಕೋಪ ಪಾರ್ಸಲಾಗಿ ಬಂದು ನನ್ನನ್ನು ಉಳಿಸಿತು. ಮುಜಂಟಿ ಬಾಟಲಿಯನ್ನು ಕಿಟಕಿಗೆ ಹಿಡಿದೆ. ನಿಜವಾಗಿಯೂ ಒಂದು ಹರಳಿಲ್ಲ. ಪೂರ್ವದ ಬಾಗಿಲೋ ದೇವರ ದೀಪವೋ ನನಗೆ ತಿಳಿಯದು, ಒಂದು ಹನಿ ನಾಲಿಗೆಗೆ ಇಟ್ಟೆ. ಹುಳಿ! ಆಮೇಲೆ ಒಂದು ಹನಿಯನ್ನು ನನ್ನ ಪಾಕಕ್ಕೆ ಬಿಟ್ಟು ಕುದಿಸಿ ಒಣಗಿಸಿದೆ. ಮಾವ, ಮೊದಲ ಸಲ ಗಾಜು ಬಂತು. ಹಿಂದೆ ಇಟ್ಟ ಅಕ್ಷರ ಓದಬಹುದಾದಂಥ ಗಾಜು.

ಯಾಕೆ ಎಂದು ಯೋಚಿಸಿದೆ. ಬೆಳಿಗ್ಗೆ ನೀವು ಹಾಜರಿಗೆ ನಿಲ್ಲಿಸುವಾಗ ಎಲ್ಲರೂ ಒಂದೇ ಎತ್ತರದವರಾದರೆ ಸಾಲು ತಟ್ಟನೆ ಆಗುತ್ತದೆ. ಉದ್ದದವರು, ಗಿಡ್ಡದವರು, ಬುಟ್ಟಿ ಹೊತ್ತವರು, ಕೂಸು ಎತ್ತಿಕೊಂಡವರು ಎಲ್ಲ ಒಟ್ಟಿಗೆ ನುಗ್ಗಿದರೆ? ಸಾಲು ಕಟ್ಟುವಷ್ಟರಲ್ಲಿ ಗೇಟು ಬಿದ್ದರೆ ಇದ್ದವರು ಇದ್ದಲ್ಲೇ ನಿಂತುಬಿಡುತ್ತಾರೆ. ಸಕ್ಕರೆಯೂ ಹಾಗೆ. ಹುಳಿ ಹಾಕಿ ಕುದಿಸಿದರೆ ಸಕ್ಕರೆ ಒಡೆದು ಬೇರೆ ಜಾತಿಗಳಾಗುತ್ತದೆ. ಎಲ್ಲ ಜಾತಿ ಬೆರೆತರೆ ಸಾಲು ಕಟ್ಟಲಾಗುವುದಿಲ್ಲ. ನಡುವೆ ನಿಂತ ಆನೆಗಳನ್ನು ದಬ್ಬುವವರೂ ಇಲ್ಲ. ಜೇನಿನಲ್ಲಿ ಹೂವಿನ ಧೂಳು ಇರುವುದರಿಂದ ಇನ್ನು ಮುಂದೆ ಹನಿ ಹುಳಿಯನ್ನೇ ಹಾಕಿ ಶುದ್ಧ ಪಾಕ ಮಾಡುತ್ತೇನೆ.

ಉಳಿದ ಮುಜಂಟಿ ನನ್ನದು. ಹಾಸ್ಟೆಲಿನವರಿಗೆ ಕೊಡುವುದಿಲ್ಲ.

ನಿಮ್ಮ ಯಮುನ


ಬಿಟ್ಟಂಗಾಲ
೨೦ ಮೇ ೧೯೫೮

ಚಿ. ಯಮುನಳಿಗೆ ಮಾವನ ಅನೇಕ ಆಶೀರ್ವಾದಗಳು.

ಮಂಡಿಯಲ್ಲಿ ಓದಿದೆ. ಗಂಟಲು ಕಟ್ಟುವಷ್ಟು ಗಟ್ಟಿಯಾಗಿ ಓದಿದೆ. ಎದುರು ಅಂಗಡಿಯ ಮೆಣಸಿನವರೂ ಬಂದು ನಿಂತರು.

ಚನ್ನಮಲ್ಲಪ್ಪ ಶನಿವಾರಸಂತೆ ಕಡೆಯವರು, ನಂಬುವುದೂ ನಿಧಾನ, ಬಿಡುವುದೂ ನಿಧಾನ. "ಅಲ್ಲ ಕಣ್ರೀ ರೈಟ್ರೇ, ನಿಮ್ ಸೊಸೆ ಬರೆದ್ಲು ಅಂತ ಗಿರಾಕಿ ಒಪ್ತಾನಾ? ನಾನೇ ಬಂದು ನೋಡ್ತೀನಿ" ಎಂದರು. ಹೇಳಿದ ಹಾಗೆಯೇ ಜೀಪಿನಲ್ಲಿ ಬಂದರು. ಪೆಟ್ಟಿಗೆಯ ಹತ್ತಿರ ಬಿಳಿ ಪಂಚೆ ಎತ್ತಿ ಕಟ್ಟಿ ನಿಂತವರ ಮೂಗಿನ ಮೇಲೇ ಒಂದು ನೊಣ ಕಚ್ಚಿತು. ದೇರಪ್ಪ ಸೆಲ್ಯೂಟ್ ಹೊಡೆದು, "ಸಾಹುಕಾರ್ರೆ, ಮೊದಲ ಸೀಲು ಬಿತ್ತು" ಎಂದ. ಎರಡನೆಯ ಸೀಲನ್ನು ಅವರೇ ಬಾಟಲಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೂಗು ಹಿಡಿದುಕೊಂಡು ತೆಗೆದುಕೊಂಡು ಹೋದರು. ಈಗ ಅವರ ಬೀರುವಿನಲ್ಲಿ ಉಂಟು.

ಕೋಪದ ಕಾಗದದ ವಿಷಯ ನಾನೂ ಎತ್ತುವುದಿಲ್ಲ, ನೀನೂ ಎತ್ತಬೇಡ. ಅಂಚಿನಲ್ಲಿ ಯಾರೋ ಬರೆದಿದ್ದರು ಎಂದು ಈಗ ತಿಳಿಯಿತು. ಅವರ ಮೇಲೂ ಕೋಪವಿಲ್ಲ.

ಕಥೆ ಮತ್ತೆ ಶುರುವಾಗಿದೆ. ಗೇಟು ಬಿದ್ದು ಎಲ್ಲರೂ ಇದ್ದಲ್ಲೇ ನಿಂತ ಭಾಗಕ್ಕೆ ಲೈನಿನವರು ಬಿದ್ದು ಬಿದ್ದು ನಕ್ಕರು. ಇನ್ನೇನು, ಆನೆಯ ಬಾಲ ಬಂತೇ?

ಪೊನ್ನಪ್ಪ ಮಾವ


ಕಲ್ಕತ್ತ
೧೮ ಜುಲೈ ೧೯೫೮

ಪ್ರೀತಿಯ ಮಾವನಿಗೆ,

ಬಾಲ ಬರಲಿಲ್ಲ.

ಗಾಜು ಚೆನ್ನಾಗಿಯೇ ಬರುತ್ತದೆ. ಅದನ್ನು ಮುರಿದು, ಮುರಿದ ಮುಖದ ಮೇಲೆ ಇಂಗಾಲದ ಆವಿಯನ್ನು ತೆಳ್ಳಗೆ ಕೂರಿಸಿ, ಆಮೇಲೆ ನೀರಿನಲ್ಲಿ ಬಿಟ್ಟರೆ ಸಕ್ಕರೆ ಕರಗಿ ಅಚ್ಚು ಮಾತ್ರ ತೇಲುತ್ತದೆ. ಯಂತ್ರದಲ್ಲಿ ನೋಡುವುದು ಆ ಅಚ್ಚನ್ನು. ಆದರೆ ಇಲ್ಲಿಯೂ ಮಳೆ. ತೇವ ತಾಕದ ಜಾಡಿಯಿಂದ ತೆಗೆದು ಮುರಿದ ಕೂಡಲೇ ಗಾಜು ಬೆವರುತ್ತದೆ, ಮುಖ ಅಂಟಾಗುತ್ತದೆ, ಅಚ್ಚಿನಲ್ಲಿ ಬರೀ ಕೆಸರು.

ಸರ್ ಕೋಪಿಸುವುದನ್ನೂ ಬಿಟ್ಟಿದ್ದಾರೆ. ಮೊದಲೇ ಹೇಳಬೇಕಿತ್ತು, ನನ್ನ ಮೇಜನ್ನು ಮಾರ್ಚಿನಲ್ಲಿಯೇ ಬೇರೆಯವರಿಗೆ ಕೊಟ್ಟರು. ನಾನು ಕಿಟಕಿಯ ಕಟ್ಟೆಯ ಮೇಲೆ ಕೆಲಸ ಮಾಡುತ್ತಿದ್ದೇನೆ. ಮೊನ್ನೆ ಪೆಟ್ಟಿಗೆಗೆ ಬಟ್ಟೆ ತುಂಬಿ, ಮತ್ತೆ ತೆಗೆದೆ. ಪೂಜೆ ಹತ್ತಿರವಾಗುತ್ತಿದೆ.

ಯಮುನ


ಬಿಟ್ಟಂಗಾಲ
೫ ಆಗಸ್ಟ್ ೧೯೫೮

ಚಿ. ಯಮುನಾ,

ಇಲ್ಲಿ ಕಕ್ಕಡ ತಿಂಗಳ ಮಳೆ, ಉಪ್ಪು ಕೂಡ ನೀರಾಗಿದೆ. ಸಕ್ಕರೆ ಬೆವರಿದರೆ ಅದರ ತಪ್ಪೇನು?

ನಿನ್ನ ಕಾಗದವನ್ನು ಜಗಲಿಯಲ್ಲಿ ಓದಲಿಲ್ಲ. ಕಿಟಕಿ ಕಟ್ಟೆಯ ಮಾತನ್ನು ಅತ್ತೆಗೂ ಹೇಳಲಿಲ್ಲ. ಆದರೆ ಮಾದಿ ನನ್ನ ಮುಖ ನೋಡಿ, "ಹಿಂಡಿಗೆ ಮಳೆ ಸಿಕ್ಕಿತಾ ಅಯ್ಯಾ?" ಎಂದಳು. ಹೌದೆಂದೆ. "ಹಾಗಾದರೆ ನಿಂತೇ ಇರುತ್ತವೆ. ಮಳೆಗೆ ಆನೆ ಓಡುವುದನ್ನು ನಾನು ಕಂಡಿಲ್ಲ" ಎಂದಳು.

ಬರುವುದಾದರೆ ಬಾ, ನಿನ್ನ ಕೋಣೆಯಲ್ಲಿ ಏಲಕ್ಕಿ ಹರಡಿದೆ, ತೆಗೆಸುತ್ತೇನೆ. ಆದರೆ ನೋಡು, ಹಾಜರಿ ಬರೆಯಲು ನನಗೆ ಯಾರೂ ಬೇಡ. ಕೈ ಇನ್ನೂ ಗಟ್ಟಿ ಉಂಟು.

ಮಾವ


ಕಲ್ಕತ್ತ
೨೧ ಸೆಪ್ಟೆಂಬರ್ ೧೯೫೮

ಮಾವಾ, ಅತ್ತೇ, ದೇರಪ್ಪಣ್ಣಾ, ಮಾದೀ!

ಒಳಗಿರುವ ಚಿತ್ರವನ್ನು ಮೊದಲು ನೋಡಬೇಡಿ. ಕಾಗದ ಓದಿ ಮುಗಿಸಿ.

ನೀವು ಕೊಟ್ಟಿದ್ದ ಕೊಡೆಯನ್ನು ಬಲಿ ಕೊಟ್ಟೆ, ಮಾವ. ಮಳೆಯಲ್ಲಿ ಅದರ ಕಡ್ಡಿ ಮುರಿದು ಕೈಗೆ ಬಂದಿತ್ತು. ಬಗ್ಗಿಸಿ ಬಿಟ್ಟರೆ ಚಿಮ್ಮಿತು. ಕೂಡಲೇ ನೆನಪಾದದ್ದು ನಮ್ಮ ಗದ್ದೆಯ ಅಂಚಿನಲ್ಲಿ ಹಂದಿಗೆ ಬಿದಿರು ಬಗ್ಗಿಸಿ ಇಡುತ್ತಿದ್ದ ಉರುಳು. ಗಾಜನ್ನು ಹೊರಗೆ ಮುರಿದರೆ ತಾನೇ ಬೆವರುವುದು? ಗಾಳಿ ತೆಗೆಯುವ ಗಾಜಿನ ಗಂಟೆಯ ಒಳಗೇ ಮುರಿದರೆ?

ಕಡ್ಡಿಯನ್ನು ಬಗ್ಗಿಸಿ ನೂಲಿನಿಂದ ಕಟ್ಟಿ, ಸಕ್ಕರೆ ಗಾಜಿನ ಎದುರು ನಿಲ್ಲಿಸಿ, ನೂಲಿಗೆ ಒಂದು ತಂತಿ ಸುತ್ತಿ, ಗಂಟೆ ಮುಚ್ಚಿದೆ. ಗಾಳಿಯೂ ತೇವವೂ ಪೂರ್ತಿ ಹೋಗುವ ತನಕ ಕಾದೆ. ತಂತಿಗೆ ಕರೆಂಟು ಕೊಟ್ಟೆ. ನೂಲು ಸುಟ್ಟಿತು, ಕಡ್ಡಿ ಚಿಮ್ಮಿತು, ಗಾಜು ಎರಡಾಯಿತು. ಒಳಗೆ ಗಾಳಿ ಇಲ್ಲವಲ್ಲ, ಒಂದಿಷ್ಟೂ ಸದ್ದಿಲ್ಲ! ಅಲ್ಲೇ ಇಂಗಾಲದ ಆವಿ ಕೂರಿಸಿದೆ. ತೆಗೆದು ನೀರಿಗೆ ಬಿಟ್ಟೆ. ಸಕ್ಕರೆ ಕರಗಿತು, ಹೊಗೆಯ ಬಣ್ಣದ ಪೊರೆ ತೇಲಿತು.

ಯಂತ್ರದ ಹಸಿರು ಪರದೆಯ ಮೇಲೆ ಅವು ನಿಂತಿದ್ದವು. ಒಂದಲ್ಲ, ಬಯಲು ತುಂಬ. ಒಂದೊಂದೂ ದುಂಡಗೆ, ಒಂದೊಂದೂ ತನ್ನ ಮರಿಗಳನ್ನು ಒಳಗೆ ಇಟ್ಟುಕೊಂಡು. ಯಾವುದೂ ಯಾವುದರ ಮೇಲೂ ಬಿದ್ದಿರಲಿಲ್ಲ. ಬೇರೆ ಗಾಜು ಮುರಿದೆ, ಅವೇ. ಪಾಲಿಮರ್ ಹಾಕದೆ ಬರೀ ಗಾಜು ಮುರಿದೆ, ಬಯಲು ಖಾಲಿ. ಆಗ ಸರ್ ಅವರನ್ನು ಕರೆದೆ.

ಅವರು ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಖಿಚುಡಿ ಅಲ್ಲ" ಎಂದರು. ಆಮೇಲೆ ಕಾರಿಡಾರಿನಲ್ಲಿ ನಿಂತು ಸಿಕ್ಕಿದವರನ್ನೆಲ್ಲ ತೋಳು ಹಿಡಿದು ಎಳೆದು ತಂದು ತೋರಿಸಿದರು. ನನ್ನ ಜಾಗ ಉಳಿಯಿತು, ಮಾವ! ಮೇಜೂ ವಾಪಸ್ ಬಂತು. ಪ್ರಬಂಧ ಬರೆಯಲು ಹೇಳಿದ್ದಾರೆ. ಮುಜಂಟಿಯ ಕಥೆ ಹೇಳಿದೆ. ಹೊಟ್ಟೆ ಹಿಡಿದು ನಕ್ಕು, "ಜೇನಿಗೆ ಕೃತಜ್ಞತೆ ಬರೆಯಬಹುದು, ನಿನ್ನ ಮಾವನ ಸಿಟ್ಟಿಗೆ ಹೇಗೆ ಬರೆಯುವುದು?" ಎಂದರು.

ಈಗ ಚಿತ್ರ ನೋಡಿ. ಮಾದಿಯ ಕೈಗೆ ಮೊದಲು ಕೊಡಿ.

ನಿಮ್ಮ ಯಮುನ


ಬಿಟ್ಟಂಗಾಲ
೪ ಅಕ್ಟೋಬರ್ ೧೯೫೮

ಚಿ. ಸೌ… ಅಲ್ಲ, ಚಿ. ಡಾಕ್ಟರ್… ಅದೂ ಇನ್ನೂ ಇಲ್ಲ. ನಮ್ಮ ಯಮುನಳಿಗೆ,

ಮೊನ್ನೆ ಸಂಜೆ ನಿನ್ನ ಕಾಗದವೂ ಚನ್ನಮಲ್ಲಪ್ಪನ ಜೀಪೂ ಒಟ್ಟಿಗೇ ಬಂದವು. ಅವರು ಟವಲಿನಲ್ಲಿ ಸುತ್ತಿದ ಬಾಟಲಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಇಳಿದರು. ಸೀಲು ಹಾಗೆಯೇ ಇತ್ತು, ಒಳಗೆ ಜೇನು ಬೆಳ್ಳಗೆ, ಗಟ್ಟಿ. "ಅಲ್ಲ ಕಣ್ರೀ, ನಾನೇ ಸೀಲ್ ಹಾಕ್ದೆ, ನಾನೇ ಬೀಗ ಹಾಕ್ದೆ. ಒಳಗೆ ಸಕ್ರೆ ಹಾಕಕ್ಕೆ ಯಾರ್ ಬಂದ್ರು?" ಎಂದರು. ದೇರಪ್ಪ, "ಮೂಗಿಗೆ ಕಚ್ಚಿತಲ್ಲ, ಅದೇ ನೊಣ" ಎಂದ. ಸಾಹುಕಾರರು ಮೂಗು ಮುಟ್ಟಿಕೊಂಡು ನಕ್ಕರು. ನಕ್ಕ ಮೇಲೆ ನನ್ನ ಕೈ ಹಿಡಿದು, "ಮಂಡೀಲಿ ಎಲ್ಲರ ಮುಂದೆ ಅಂದಿದ್ದು, ಮಂಡೀಲೇ ಎಲ್ಲರ ಮುಂದೆ ವಾಪಸ್ ತಗೋತೀನಿ" ಎಂದರು. ಕೆಳಗೆ ಬಿದ್ದಿದ್ದ ನನ್ನ ತಲೆ ಎಂಟು ತಿಂಗಳಾದ ಮೇಲೆ ತನ್ನ ಜಾಗಕ್ಕೆ ಬಂತು.

ಆಮೇಲೆ ಕಥೆ. ಹುತ್ತರಿಯ ಸಂಜೆಯಿಂದ ಹಿಡಿದು ಕೊಡೆಕಡ್ಡಿಯ ತನಕ ಹೇಳಿದೆ. ಒಂದು ಅಕ್ಷರ ಸೇರಿಸಲಿಲ್ಲ, ನಿನ್ನಾಣೆ. ಚಿತ್ರವನ್ನು ಮಾದಿಯ ಕೈಗೆ ಕೊಟ್ಟೆ. ಅವಳು ಲಾಟೀನಿನ ಹತ್ತಿರ ಹಿಡಿದು ನೋಡಿ ನೋಡಿ, ಬೆರಳಿಟ್ಟು, "ಮರಿ ಇದರ ಒಳಗಾ?" ಎಂದಳು. ಹೌದೆಂದೆ. "ಹಾಗಾದರೆ ಕಂಡದ್ದು ಹೌದು" ಎಂದು ಚಿತ್ರವನ್ನು ದೇರಪ್ಪನಿಗೆ ದಾಟಿಸಿದಳು. ದೇರಪ್ಪ ನನ್ನತ್ತ ತಿರುಗಿ, "ಬಾಲ ಬಂತು ರೈಟರೇ" ಎಂದ. ಮಳೆ ಹಿಡಿದದ್ದರಿಂದ ಸಾಹುಕಾರರೂ ಇಲ್ಲೇ ಮಲಗಿದರು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದಾಳೆ, ಡಬ್ಬಿಯಲ್ಲಿ ಸಕ್ಕರೆ ಇಲ್ಲ! ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಸಾಹುಕಾರರು ಪಂಚೆ ಎತ್ತಿ ಕಟ್ಟಿ ಬೆಂಕಿ ಊದುತ್ತಿದ್ದರು. ದೇರಪ್ಪ ಪಾಕಕ್ಕೆ ನಿಂಬೆಹುಳಿ ಹಿಂಡುತ್ತಿದ್ದ. ಮಾದಿ ಅದನ್ನು ತುಪ್ಪ ಸವರಿದ ತಟ್ಟೆಗೆ ಹೊಯ್ದು, ದೇವರ ಕೋಣೆಯ ಗೋಡೆಯ ಬುಡದಲ್ಲಿ ಸತ್ತು ಬಿದ್ದಿದ್ದ ಒಂದು ಮುಜಂಟಿ ನೊಣವನ್ನು ಹುಲ್ಲುಕಡ್ಡಿಯಿಂದ ಎತ್ತಿ ನಡುವೆ ಇಟ್ಟಳು. ಆರಲು ಬಿಟ್ಟು ಎಲ್ಲರೂ ಸುತ್ತ ಕುಕ್ಕರುಗಾಲಿನಲ್ಲಿ ಕೂತರು. ಯಾರೂ ಅಲುಗಿಸಲಿಲ್ಲ.

ಮಳೆ ಬಿಟ್ಟು ಬಿಸಿಲು ಬಂದಿತ್ತು. ಮಾದಿ ಗಾಜನ್ನು ತಟ್ಟೆಯಿಂದ ಬಿಡಿಸಿ ಸೂರ್ಯನಿಗೆ ಹಿಡಿದಳು. ಒಂದು ಹರಳಿಲ್ಲ, ಯಮುನಾ. ನಡುವೆ ಆ ನೊಣ ಎರಡೂ ರೆಕ್ಕೆ ಬಿಚ್ಚಿ, ಈಗಷ್ಟೇ ಗೂಡಿನಿಂದ ಹೊರಟ ಹಾಗೆ ನಿಂತಿತ್ತು.